ಬುಧವಾರದ ಗುಂಪು

ಡಾಕ್ಟರ್ ಗ್ರೆಗರಿ ಎಂಬ ಮನೋವೈದ್ಯರು ೨೦೦೩ರಲ್ಲಿ ಕಾಸರಗೋಡಿನ ಒಂದು ಬಾಡಿಗೆ ಮನೆಯಲ್ಲಿ ಆಪ್ತಸಲಹಾ ಕೇಂದ್ರ ತೆರೆದಾಗ ಅವರಿಗೆ ಒಬ್ಬ ಹೆಂಗಸು ಬೇಕಾಗಿತ್ತು. ಕನ್ನಡ, ತುಳು, ಮಲಯಾಳ ಮೂರೂ ಬರಬೇಕು, ಯಾರ ಮನೆಯ ಜಗಲಿಯಲ್ಲೂ ಸಂಕೋಚವಿಲ್ಲದೆ ಕೂರುವವಳಾಗಬೇಕು. ಕನ್ನಡ ಶಾಲೆಯೊಂದರಲ್ಲಿ ತಾತ್ಕಾಲಿಕ ಟೀಚರಾಗಿದ್ದ ಜಲಜಾಕ್ಷಿ ಸಿಕ್ಕಿದಳು. ಡಾಕ್ಟರು ಅವಳಿಗೆ ಡಿಪ್ಲೊಮಾ ಮಾಡಿಸಿದರು. ಆಮೇಲೆ ಅವಳು ಹೋಗದ ಊರಿಲ್ಲ. ಮೊಗ್ರಾಲಿನ ಕಡಲ ಬದಿಯಿಂದ ದೇಲಂಪಾಡಿಯ ಕಾಡಿನ ಅಂಚಿನವರೆಗೆ ಬಸ್ಸಿನಲ್ಲಿ, ಜೀಪಿನಲ್ಲಿ, ಕಡೆಗೆ ನಡೆದುಕೊಂಡು ಹೋಗಿ ಜನರ ಸಂಕಟ ಕೇಳಿದಳು. ಶಾಲೆ ಬಿಟ್ಟರೂ ಶಾಲೆಯ ಹೆಸರು ಬಿಡಲಿಲ್ಲ; ಎಲ್ಲರಿಗೂ ಅವಳು ಜಲಜ ಟೀಚರ್.

೨೦೧೧ರಲ್ಲಿ ಬೇಳದ ಮೆರ್ಲಿನ್ ಕ್ರಾಸ್ತಾ ಎಂಬ ಹುಡುಗಿ ಮಂಗಳೂರಿನ ಕಾಲೇಜಿನಿಂದ ಮೂರು ತಿಂಗಳ ಅಭ್ಯಾಸಕ್ಕೆಂದು ಕೇಂದ್ರಕ್ಕೆ ಬಂದಳು. ಮೊದಲ ದಿನವೇ ಯಾರೋ ಒಬ್ಬರು ಬೈದದ್ದಕ್ಕೆ ಹಿತ್ತಿಲಲ್ಲಿ ನಿಂತು ಅತ್ತಳು. ಜಲಜಾಕ್ಷಿ ತನ್ನ ಬುತ್ತಿಯ ಅರ್ಧ ಅನ್ನ ಅವಳಿಗೆ ಹಾಕಿ, "ಅವರು ಬೈದದ್ದು ನಿನ್ನನ್ನಲ್ಲ ಮಾರಾಯ್ತಿ. ನೀನು ಅಲ್ಲಿ ಕೂತಿದ್ದೆ, ಅಷ್ಟೇ" ಎಂದಳು. ಕೂರುವುದು ಹೇಗೆ, ಕೇಳುವುದು ಹೇಗೆ, ಯಾವಾಗ ಬಾಯಿ ಮುಚ್ಚಬೇಕು ಎಲ್ಲ ಹೇಳಿಕೊಟ್ಟಳು. ಮೆರ್ಲಿನ್ ಹೋಗುವಾಗ ಕಾಲಿಗೆ ಬಿದ್ದು ಹೋದಳು.

ಅವಳು ಬೆಂಗಳೂರಿನಲ್ಲಿ ಓದಿ, ಅಲ್ಲೇ ಕೆಲಸ ಮಾಡಿ, ೨೦೧೭ರ ಜೂನಿನಲ್ಲಿ ತಿರುಗಿ ಬಂದಳು. ಈ ಸಲ ಬಂದದ್ದು ಕಲಿಯುವುದಕ್ಕಲ್ಲ, ಕಲಿಸುವುದಕ್ಕೆ.

"ಡಿಬಿಟಿ ಅಂತ ಒಂದು ಚಿಕಿತ್ಸೆ ಉಂಟು ಜಲಜಾ," ಎಂದರು ಡಾಕ್ಟರು. "ಮೆರ್ಲಿನ್ ಅದರಲ್ಲಿ ಪಳಗಿದ್ದಾಳೆ. ಜಿಲ್ಲೆಯ ಎಂಟು ಜನ ಕೌನ್ಸೆಲರುಗಳಿಗೆ ತರಬೇತಿ ಕೊಡ್ತಾಳೆ. ನೀನೂ ಸೇರು."

"ನಾನಾ?"

"ನೀನಿಲ್ಲದಿದ್ರೆ ಹೇಗೆ?"

ಹೀಗೆ ನಲವತ್ತೇಳರ ಜಲಜಾಕ್ಷಿ ಒಂದು ಶನಿವಾರ ಬೆಳಿಗ್ಗೆ, ತಾನು ಎಷ್ಟೋ ಜನರಿಗೆ ಪಾಠ ಹೇಳಿದ ಕೇಂದ್ರದ ಅದೇ ಹಾಲಿನಲ್ಲಿ, ನೋಟ್‌ಪುಸ್ತಕ ಹಿಡಿದುಕೊಂಡು ಬೋರ್ಡಿಗೆ ಮುಖಮಾಡಿ ಕೂತಳು. ಬೋರ್ಡಿನ ಮುಂದೆ ಮೂವತ್ತು ತುಂಬದ ಮೆರ್ಲಿನ್.

"ಕೆಲವರಿಗೆ ಭಾವನೆ ಬೇಗ ಏರ್ತದೆ, ಜೋರಾಗಿ ಏರ್ತದೆ, ಇಳಿಯುವಾಗ ನಿಧಾನ," ಎಂದು ಮೆರ್ಲಿನ್ ಶುರು ಮಾಡಿದಳು. "ಆ ಹೊತ್ತಿಗೆ ಅವರು ಕೈಗೆ ಗಾಯ ಮಾಡಿಕೊಳ್ತಾರೆ, ಸಾಯ್ತೇನೆ ಅಂತಾರೆ. ನಾವು 'ಹಾಗೆ ಮಾಡ್ಬೇಡ' ಅಂತೇವೆ. ಮಾಡದಿದ್ರೆ ಬೇರೆ ಎಂತ ಮಾಡುವುದು ಅಂತ ಯಾರೂ ಕಲಿಸಿಲ್ಲ ಅವರಿಗೆ. ಅದನ್ನು ಕಲಿಸುವುದೇ ನಮ್ಮ ಕೆಲಸ. ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡುವುದು ಒಂದು. ವಾರಕ್ಕೊಮ್ಮೆ ಗುಂಪಿನಲ್ಲಿ ಕೌಶಲ ಕಲಿಸುವುದು ಇನ್ನೊಂದು. ಎರಡೂ ಬೇಕು." ಆಮೇಲೆ ಜಲಜಾಕ್ಷಿಯ ಕಡೆ ತಿರುಗಿ ನಕ್ಕಳು. "ಸುಮ್ಮನೆ ಕೂತು ಕೇಳುವುದನ್ನು ನಾನು ಕಲಿತದ್ದು ಜಲಜಕ್ಕನ ಹತ್ರ."

ಉಳಿದವರು ಚಪ್ಪಾಳೆ ತಟ್ಟಿದರು. ಜಲಜಾಕ್ಷಿಗೆ ಮಾತ್ರ ಆ ಮಾತು ಬೇರೆಯೇ ಆಗಿ ಕೇಳಿಸಿತು. ಸುಮ್ಮನೆ ಕೂರುವುದು! ಹದಿನಾಲ್ಕು ವರ್ಷ ತಾನು ಮಾಡಿದ್ದು ಅಷ್ಟೇ ಏನು? ಇವಳು ಬಂದ ಮೇಲೆ ಕೆಲಸ ಶುರುವಾಯಿತೇ?

ಮಧೂರಿನ ಮನೆಗೆ ಹೋಗಿ ಗಂಡ ಮಹಾಲಿಂಗನ ಹತ್ತಿರ, "ನಾನು ಕಲಿಸಿದ ಹುಡುಗಿ ಈಗ ನನಗೇ ಕಲಿಸುವುದು. ಗೊತ್ತುಂಟಾ?" ಎಂದಳು.

"ಒಳ್ಳೇದೇ ಆಯ್ತಲ್ಲ," ಎಂದ ಮಹಾಲಿಂಗ. ಅವನು ಪೇಟೆಯಲ್ಲಿ ಹೊಲಿಗೆ ಮೆಶೀನು ರಿಪೇರಿ ಮಾಡುವವನು. "ನನ್ನ ಹತ್ರ ಕಲಿತವ ಈಗ ಕಂಪ್ಯೂಟರ್ ಮೆಶೀನು ಬಿಚ್ತಾನೆ. ನನಗೆ ಬರುವುದಿಲ್ಲ. ಕಷ್ಟ ಆದ್ರೆ ಅವನಿಗೇ ಫೋನು ಮಾಡ್ತೇನೆ."

ಜಲಜಾಕ್ಷಿ ಅವತ್ತು ಅವನ ಊಟ ಮುಚ್ಚಿಟ್ಟು ಬೇಗ ಮಲಗಿದಳು.

ತರಬೇತಿ ಎರಡು ವಾರಕ್ಕೊಂದು ಶನಿವಾರ ನಡೆಯಿತು. ಸಂಕಟ ಮಿತಿಮೀರಿದಾಗ ಮುಖವನ್ನು ತಣ್ಣೀರಿನಲ್ಲಿ ಮುಳುಗಿಸಿ ಉಸಿರು ಹಿಡಿದರೆ ಎದೆಬಡಿತ ಇಳಿಯುತ್ತದೆ ಎಂಬುದು ಒಂದು ದಿನದ ಪಾಠ. ಮೊಗ್ರಾಲಿನ ಕೃಷ್ಣಕುಮಾರ ಎಂಬ ಕೌನ್ಸೆಲರ್ ಮೀನಿನ ಅಂಗಡಿಯಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ತಂದಿದ್ದ. ಬೇಸಿನ್ನಿನ ನೀರಿಗೆಲ್ಲ ಬಂಗುಡೆಯ ವಾಸನೆ. ಹೃದಯದ ತೊಂದರೆ ಇದ್ದವರು ಬೇಡ ಎಂದು ಹೇಳಿ ಮೆರ್ಲಿನ್ ಮೊದಲು ತಾನೇ ಮುಖ ಮುಳುಗಿಸಿದಳು. ಎಲ್ಲರೂ ಮೂಗು ಮುಚ್ಚಿ ನಗುತ್ತ ಒಬ್ಬೊಬ್ಬರಾಗಿ ಮುಳುಗಿಸಿದರು. ಜಲಜಾಕ್ಷಿಯೂ ಮುಳುಗಿಸಿದಳು. ಎದೆ ನಿಜವಾಗಿಯೂ ನಿಧಾನವಾಯಿತು. ಅದು ಅವಳಿಗೆ ಇಷ್ಟವಾಗಲಿಲ್ಲ.

ತರಬೇತಿಗೆ ಬಂದವರು ಒಬ್ಬೊಬ್ಬರೂ ಒಂದು ಕೌಶಲವನ್ನು ಹತ್ತು ನಿಮಿಷ ಕಲಿಸಿ ತೋರಿಸಬೇಕಿತ್ತು. ಜಲಜಾಕ್ಷಿಗೆ ಬಂದದ್ದು ವಿರುದ್ಧ ನಡೆ. ಭಾವನೆ ಎಳೆದ ದಿಕ್ಕಿಗೆ ಹೋಗುವುದು ಒಳಿತಲ್ಲ ಅಂತಾದರೆ ಬೇಕೆಂದೇ ತಿರುಗಿ ನಡೆಯುವುದು. ಅವಳು ಗಾದೆ ಹೇಳಿದಳು, ಸಿಟ್ಟಿನ ಮೂರು ಕತೆ ಹೇಳಿದಳು, ಕೊನೆಗೆ ಬೋರ್ಡಿನಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದಳು. ಚೆನ್ನಾಗಿ ಮಾತಾಡಿದೆ ಎಂದು ಅವಳಿಗೇ ಅನಿಸಿತು.

ಮೆರ್ಲಿನ್ ಗಡಿಯಾರ ನೋಡಿದಳು. "ಜಲಜಕ್ಕ, ಕತೆ ತುಂಬಾ ಚೆಂದ ಇತ್ತು. ಹತ್ತು ನಿಮಿಷವೂ ನೀವೇ ಮಾತಾಡಿದ್ರಿ. ನಾವು ಎಂತ ಮಾಡಿದ್ದು?"

"ಕೇಳಿದ್ರಿ."

"ಅದೇ. ಈಜು ಕಲಿಸುವವ ದಡದಲ್ಲಿ ನಿಂತು ಹೊಳೆಯ ವರ್ಣನೆ ಮಾಡಿದ ಹಾಗೆ ಆಯ್ತು. ಒಬ್ಬರನ್ನು ನೀರಿಗೆ ಇಳಿಸ್ಬೇಕಿತ್ತು. ಇನ್ನೊಮ್ಮೆ ಮಾಡುವನಾ?"

ಕೃಷ್ಣಕುಮಾರ ನಗಲಿಲ್ಲ. ಯಾರೂ ನಗಲಿಲ್ಲ. ಆದರೆ ಜಲಜಾಕ್ಷಿಗೆ ಎಂಟು ಜನ ನಕ್ಕ ಹಾಗೆ ಕೇಳಿಸಿತು. "ಇವತ್ತು ಬೇಡ, ತಲೆನೋವು" ಎಂದು ಕೂತಳು.

ತರಬೇತಿಯ ಕಾಗದಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಮೆರ್ಲಿನ್ ಅವಳಿಗೇ ವಹಿಸಿದ್ದಳು. "ನನ್ನ ಕನ್ನಡ ಗೊತ್ತುಂಟಲ್ಲ, ಕೊಂಕಣಿಯೂ ಇಂಗ್ಲಿಷೂ ಸೇರಿ ಚಿತ್ರಾನ್ನ." ಜಲಜಾಕ್ಷಿ ಅದನ್ನು ಪಟ್ಟುಹಿಡಿದು ಅಚ್ಚುಕಟ್ಟಾಗಿ ಮಾಡಿದಳು. ಒಂದು ಕಡೆ ಮಾತ್ರ ಪೆನ್ನು ನಿಂತಿತು. ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಪದ ಇತ್ತು. ಕನ್ನಡದಲ್ಲಿ ಯೋಚಿಸಿದರೆ ಎರಡಕ್ಕೂ ಹೊಟ್ಟೆಕಿಚ್ಚು ಎಂದೇ ಬರುತ್ತಿತ್ತು.

"ಎರಡೂ ಒಂದೇ ಅಲ್ಲ ಜಲಜಕ್ಕ," ಎಂದಳು ಮೆರ್ಲಿನ್. "ನನ್ನಲ್ಲಿ ಇಲ್ಲದ್ದು ಅವಳಲ್ಲಿ ಉಂಟಲ್ಲ ಅಂತ ಉರಿಯುವುದು ಒಂದು. ನನ್ನಲ್ಲಿ ಇರುವುದನ್ನು ಅವಳು ಎಳಕೊಂಡು ಹೋಗ್ತಾಳೆ ಅಂತ ಹೆದರುವುದು ಇನ್ನೊಂದು. ಮದ್ದೂ ಬೇರೆ."

"ನಮ್ಮ ಜನಕ್ಕೆ ಹೊಟ್ಟೆಕಿಚ್ಚು ಅಂದ್ರೆ ಸಾಕು. ಅರ್ಥ ಆಗ್ತದೆ."

"ಹೆಸರು ಅರ್ಥ ಆಗ್ತದೆ. ಯಾವ ಕಡೆಯಿಂದ ಬೆಂಕಿ ಹಿಡಿದದ್ದು ಅಂತ ಗೊತ್ತಾಗ್ಬೇಕಲ್ಲ?"

ಜಲಜಾಕ್ಷಿ ಒಂದಕ್ಕೆ 'ಕರುಬು' ಎಂದು, ಇನ್ನೊಂದಕ್ಕೆ 'ಕಳೆದುಕೊಳ್ಳುವ ಹೊಟ್ಟೆಕಿಚ್ಚು' ಎಂದು ಬರೆದಳು. ಬರೆಯುವಾಗ ತನ್ನೊಳಗೆ ಯಾವುದು ಇರುವುದು ಎಂದು ನೋಡಿಕೊಂಡಳು. ಆವರೆಗೆ ಇದ್ದದ್ದು ಮೊದಲನೆಯದು. ಎರಡನೆಯದು ಬಂದದ್ದು ಅಕ್ಷಯಾಳಿಂದ.

ಅಕ್ಷಯಾ ದೇಲಂಪಾಡಿಯವಳು, ಇಪ್ಪತ್ತಮೂರು ವರ್ಷ. ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸ ಸಿಗದೆ, ಸರಕಾರಿ ಅರ್ಜಿಗಳನ್ನು ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅಕ್ಷಯದಲ್ಲಿ ಅಕ್ಷಯಾ ಎಂದು ಬಂದವರೆಲ್ಲ ತಮಾಷೆ ಮಾಡುತ್ತಿದ್ದರು. ತಮಾಷೆಗೆ ನಕ್ಕವಳೇ ಒಂದು ಸಣ್ಣ ಮಾತಿಗೆ ಕುದಿದು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ತನ್ನ ಕೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಳು. ತಾಯಿ ಕಿನ್ನಿ ರಬ್ಬರ್ ಟ್ಯಾಪಿಂಗಿಗೆ ಹೋಗುವ ಹೆಂಗಸು. ಮಗಳ ತೋಳು ನೋಡಿ ಬೈದಳು, ಹರಕೆ ಹೇಳಿಕೊಂಡಳು, ಕೊನೆಗೆ ಜಲಜ ಟೀಚರ ಹತ್ತಿರ ಕರೆತಂದಳು. ಅಂದಿನಿಂದ ಮೂರು ವರ್ಷ, ಪ್ರತಿ ಗುರುವಾರ. ಗಾಯಗಳು ಪೂರ್ತಿ ನಿಲ್ಲದಿದ್ದರೂ ಹುಡುಗಿ ಬದುಕಿದ್ದಳು. ಒಮ್ಮೆ ಅವಳು, "ಈ ಲೋಕದಲ್ಲಿ ನನ್ನನ್ನು ಗೊತ್ತಿರುವುದು ನಿಮಗೊಬ್ಬರಿಗೇ ಟೀಚರ್" ಎಂದಿದ್ದಳು. ಮಕ್ಕಳಿಲ್ಲದ ಜಲಜಾಕ್ಷಿ ಆ ಮಾತನ್ನು ಎಲ್ಲಿ ಇಟ್ಟುಕೊಂಡಿದ್ದಳು ಎಂದು ಯಾರಿಗೂ ಹೇಳಿರಲಿಲ್ಲ.

ಮೆರ್ಲಿನ್ ಪ್ರತಿ ಬುಧವಾರ ಕೌಶಲದ ಗುಂಪು ಶುರು ಮಾಡಿದಾಗ ಅಕ್ಷಯಾಳನ್ನೂ ಸೇರಿಸಿದರು. ಗುರುವಾರದ ಮಾತುಕತೆ ಜಲಜಾಕ್ಷಿಯ ಹತ್ತಿರವೇ. ಸಂಕಟ ಏರಿದಾಗ ಫೋನು ಮಾಡಬೇಕಾದದ್ದೂ ಅವಳಿಗೇ. ನಿಯಮ ಹಾಗಿತ್ತು.

ಮೂರನೆಯ ಬುಧವಾರ ಜಲಜಾಕ್ಷಿ ಕಡತ ತರುವ ನೆಪದಲ್ಲಿ ಹಾಲಿನ ಬಾಗಿಲಲ್ಲಿ ಹಾದುಹೋದಳು. ಒಳಗೆ ಅಕ್ಷಯಾ ನಗುತ್ತಿದ್ದಳು. ಬಾಯಿ ತೆರೆದು, ತಲೆ ಹಿಂದಕ್ಕೆ ಹಾಕಿ, ಕಣ್ಣಲ್ಲಿ ನೀರು ಬರುವಷ್ಟು. ಮೂರು ವರ್ಷದಲ್ಲಿ ಆ ಹುಡುಗಿಯ ಹಿಂದಿನ ಹಲ್ಲು ಜಲಜಾಕ್ಷಿಗೆ ಕಂಡದ್ದಿಲ್ಲ. ಅವಳು ಕಡತವಿಲ್ಲದೆ ತಿರುಗಿ ಹೋದಳು. ಅಂದಿನಿಂದ ಬುಧವಾರ ಬಂದರೆ ಏನಾದರೊಂದು ನೆಪ ಬೇಕೇ ಬೇಕು. ಒಮ್ಮೆ ಫ್ಯಾನಿನ ಸ್ವಿಚ್ಚು, ಒಮ್ಮೆ ಕುಡಿಯುವ ನೀರು. ಬಾಗಿಲ ಸಂದಿನಿಂದ ಒಮ್ಮೆ ನೋಡಿಯೇ ಹೋಗುವಳು.

ಗುರುವಾರಗಳಲ್ಲಿ ಅಕ್ಷಯಾಳ ಬಾಯಲ್ಲಿ ಬೇರೆ ಮಾತಿಲ್ಲ. "ಮೆರ್ಲಿನ್ ಟೀಚರ್ ಹೇಳಿದ್ರು ಟೀಚರ್, ಅಮ್ಮ ಬೈದದ್ದೂ ನಿಜ, ಅಮ್ಮನಿಗೆ ನನ್ನ ಮೇಲೆ ಪ್ರೀತಿ ಉಂಟು ಅನ್ನುವುದೂ ನಿಜ, ಎರಡನ್ನೂ ಒಟ್ಟಿಗೆ ಹಿಡ್ಕೊಳ್ಳಿಕ್ಕೆ ಆಗ್ತದೆ ಅಂತ."

"ಅದನ್ನು ನಾನು ಎರಡು ವರ್ಷದ ಹಿಂದೆಯೇ ಹೇಳಿದ್ದೆ ಅಲ್ವಾ?"

"ಹೌದಾ?" ಎಂದಳು ಅಕ್ಷಯಾ, ಮುಗ್ಧವಾಗಿ. "ನೆನಪಿಲ್ಲ."

ಮುಂದಿನ ಗುರುವಾರ ಅವಳು ತಣ್ಣೀರಿನ ಪಾಠದ ಕಾಗದ ಹಿಡಿದುಕೊಂಡು ಬಂದಳು. ಜಲಜಾಕ್ಷಿಯೇ ಕನ್ನಡ ಮಾಡಿದ ಕಾಗದ. ಜಲಜಾಕ್ಷಿ ಅದನ್ನು ಓದುವವಳ ಹಾಗೆ ಹಿಡಿದು ಸಣ್ಣಗೆ ನಕ್ಕಳು.

"ಎಂತ ಟೀಚರ್?"

"ಎಂತ ಇಲ್ಲ. ಬಾಲ್ದಿಗೆ ಮುಖ ಹಾಕಿದ್ರೆ ನಿನ್ನ ಸಂಕಟ ಹೋಗ್ತದಾ ಮಗಾ? ಇದೆಲ್ಲ ಒಂದು ಮಕ್ಕಳಾಟ. ಪುಸ್ತಕದಲ್ಲಿ ಬರೆದಿರ್ತಾರೆ. ನಿನ್ನ ಮನಸ್ಸಿನಲ್ಲಿ ಇರುವುದನ್ನು ನನ್ನ ಹತ್ರ ಹೇಳು. ಮೂರು ವರ್ಷ ಅದೇ ಅಲ್ವಾ ನಿನ್ನನ್ನು ಉಳಿಸಿದ್ದು?"

ಅಕ್ಷಯಾ ಕಾಗದವನ್ನು ಮಡಚಿದಳು, ಇನ್ನೊಮ್ಮೆ ಮಡಚಿದಳು. "ಹೌದು ಟೀಚರ್," ಎಂದಳು. ಆಮೇಲೆ ಹಿಂದಿನ ಹಾಗೆ ಅತ್ತಳು. ಹುಡುಗಿಯ ಬೆನ್ನು ಸವರುತ್ತ ಜಲಜಾಕ್ಷಿಗೆ ತಿಂಗಳುಗಟ್ಟಲೆ ಇಲ್ಲದ ಸಮಾಧಾನವಾಯಿತು.

ಮರು ಬುಧವಾರ ಅಕ್ಷಯಾ ಗುಂಪಿಗೆ ಬರಲಿಲ್ಲ. ಅದರ ಮರು ಬುಧವಾರವೂ ಇಲ್ಲ.

ಪ್ರತಿ ಶುಕ್ರವಾರ ಬೆಳಿಗ್ಗೆ ತಂಡದ ಕೂಟ ಇರುತ್ತಿತ್ತು. ಕ್ಲೈಂಟುಗಳ ವಿಷಯಕ್ಕಿಂತ ಹೆಚ್ಚಾಗಿ ಕೌನ್ಸೆಲರುಗಳು ತಮ್ಮ ಎಡವಟ್ಟುಗಳನ್ನು ತಾವೇ ಹೇಳಿಕೊಳ್ಳುವ ಜಾಗ ಅದು. ಮೆರ್ಲಿನ್ ಕೇಳಿದಳು, "ಅಕ್ಷಯಾ ಎರಡು ವಾರ ಬರ್ಲಿಲ್ಲ. ನಾನು ಎಂತಾದ್ರೂ ತಪ್ಪು ಮಾತಾಡಿದ್ನಾ ಅಂತ ತಲೆಬಿಸಿ ಆಗ್ತಾ ಉಂಟು. ನಿಮ್ಮ ಹತ್ರ ಎಂತಾದ್ರೂ ಹೇಳಿದ್ಳಾ ಜಲಜಕ್ಕ?"

"ಇಲ್ಲ," ಎಂದಳು ಜಲಜಾಕ್ಷಿ. "ಅಂಥದ್ದೇನಿಲ್ಲ. ಕೆಲವರಿಗೆ ಗುಂಪು ಆಗುವುದಿಲ್ಲ."

ಮೆರ್ಲಿನ್ ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಅವಳ ಮುಖ ಬಾಡಿತ್ತು. ಆ ಬಾಡಿದ ಮುಖ ನೋಡಿ ಜಲಜಾಕ್ಷಿಗೆ ಒಂದು ಕ್ಷಣ ಖುಷಿಯಾಯಿತು. ಅದೇ ಖುಷಿಗೆ ನಾಚಿ ಅವಳು ಅಂದು ಇಡೀ ದಿನ ಮೆರ್ಲಿನ್‌ಳ ಎದುರಿಗೆ ಬೀಳದ ಹಾಗೆ ಓಡಾಡಿದಳು.

ನಾಲ್ಕು ದಿನ ಕಳೆದು, ಮಂಗಳವಾರ ಸಂಜೆ ನಾಲ್ಕಕ್ಕೆ ಜಲಜಾಕ್ಷಿ ಮಧೂರಿನ ಬಸ್ಸಿನಲ್ಲಿದ್ದಾಗ ಫೋನು ಬಂತು. ಅಕ್ಷಯಾ. ಅಳುವಿನ ನಡುವೆ ಮಾತು ತುಂಡುತುಂಡಾಗಿ ಬರುತ್ತಿತ್ತು. ಕೆಲಸದಲ್ಲಿ ಯಾರದೋ ಅರ್ಜಿ ತಪ್ಪಿತಂತೆ, ಎಲ್ಲರೆದುರು ಬೈದರಂತೆ, ಎದ್ದು ಮನೆಗೆ ಬಂದಳಂತೆ.

"ಆಗುವುದಿಲ್ಲ ಟೀಚರ್, ಇವತ್ತು ಆಗುವುದೇ ಇಲ್ಲ."

ಜಲಜಾಕ್ಷಿ ಗಂಟೆಯ ಹಗ್ಗ ಎಳೆದು ಮುಂದಿನ ಸ್ಟಾಪಿನಲ್ಲಿ ಇಳಿದಳು. ರಸ್ತೆ ಬದಿಯಲ್ಲಿ ನಿಂತು, ಒಂದು ಕಿವಿಯನ್ನು ಕೈಯಿಂದ ಮುಚ್ಚಿ, "ಹೇಳು ಮಗಾ, ನಾನು ಕೇಳ್ತಾ ಇದ್ದೇನೆ" ಎಂದಳು. ಅಕ್ಷಯಾ ಹೇಳಿದಳು. ಹೇಳಿದಷ್ಟೂ ಉಸಿರು ಏರಿತು, ದನಿ ಏರಿತು. ಕೇಳುತ್ತ ಕೂರುವ ಜಲಜಾಕ್ಷಿಯ ವಿದ್ಯೆ ಬೆಂಕಿಗೆ ಗಾಳಿ ಹಾಕಿದ ಹಾಗೆಯೇ ಆಯಿತು.

"ಕೇಳುವುದು ಸಾಕು ಟೀಚರ್!" ಎಂದು ಹುಡುಗಿ ಕಿರಿಚಿದಳು. "ಈಗ ಎಂತ ಮಾಡ್ಲಿ? ಎಂತ ಮಾಡ್ಲಿ ಹೇಳಿ!"

ಹೇಳಲು ಜಲಜಾಕ್ಷಿಯ ಹತ್ತಿರ ಇದ್ದದ್ದು ಒಂದೇ, ಆ ತಣ್ಣೀರಿನ ಪಾಠ.

"ಅಮ್ಮ ಎಲ್ಲಿ?"

"ಕುಟುಂಬಶ್ರೀ ಸಂಘದ ಮೀಟಿಂಗಿಗೆ ಹೋಗಿದ್ದಾರೆ."

"ಕೈಯಲ್ಲಿ ಎಂತ ಉಂಟು? ಅದನ್ನು ಹೊರಗೆ ಅಂಗಳಕ್ಕೆ ಬಿಸಾಡು. ನಾನು ಕಾಯ್ತೇನೆ. ಬಿಸಾಡಿದ್ಯಾ? ಬಾಗಿಲು ಹಾಕು. ಈಗ ಮನೆಯಲ್ಲಿ ಐಸ್ ಉಂಟಾ?"

"ಫ್ರಿಜ್ಜು ಹಾಳಾಗಿದೆ."

"ನಿಮ್ಮ ಸುರಂಗದ ನೀರು?"

ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಆ ಮನೆಯ ಹಿತ್ತಿಲಿಗೆ ಪೈಪಿನಲ್ಲಿ ನೀರು ಬರುತ್ತಿತ್ತು; ಕಡು ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ ನೀರು. ಜಲಜಾಕ್ಷಿ ಅದನ್ನು ಕುಡಿದಿದ್ದಳು.

"ಬಾಲ್ದಿ ತುಂಬಿಸು. ಫೋನು ಸ್ಪೀಕರಿನಲ್ಲಿ ಇಡು. ಉಸಿರು ಹಿಡ್ಕೊ, ಹಣೆ, ಕಣ್ಣು, ಕೆನ್ನೆ ಎಲ್ಲ ನೀರಿನಲ್ಲಿ ಇರ್ಬೇಕು. ನಾನು ಎಣಿಸ್ತೇನೆ."

ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದರು. ಜಲಜಾಕ್ಷಿ ದೊಡ್ಡ ದನಿಯಲ್ಲಿ ಎಣಿಸಿದಳು. ಇಪ್ಪತ್ತರವರೆಗೆ ಒಮ್ಮೆ. ಮತ್ತೊಮ್ಮೆ. ಮೂರನೆಯ ಸಲ ಹುಡುಗಿ ಮುಖ ಎತ್ತಿದಾಗ ಆಚೆಯಿಂದ ಬಂದದ್ದು ಅಳು ಅಲ್ಲ, ದೀರ್ಘವಾದ ಉಸಿರು.

"ಈಗ?"

"ಎದೆ ಹೊಡೆಯುವುದು ಕಡಿಮೆ ಆಯ್ತು." ಆಮೇಲೆ ಅಕ್ಷಯಾ ಮೆಲ್ಲಗೆ ಹೇಳಿದಳು, "ಇದು ಮಕ್ಕಳಾಟ ಅಂದಿದ್ರಿ ಅಲ್ವಾ ಟೀಚರ್? ನೀವು ನಗಾಡಿದ ಮೇಲೆ ನನಗೆ ನಾಚಿಕೆ ಆಯ್ತು. ಆ ಕಾಗದ ಎಲ್ಲ ಒಲೆಗೆ ಹಾಕಿದೆ. ಇವತ್ತು ಹುಡುಕಿದೆ. ಇರ್ಲಿಲ್ಲ."

ಜಲಜಾಕ್ಷಿ ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕೂತಳು. ಕಿನ್ನಿ ಮನೆಗೆ ಬರುವವರೆಗೆ ಮುಕ್ಕಾಲು ಗಂಟೆ ಫೋನು ಇಡಲಿಲ್ಲ. ಕಿನ್ನಿ ಬಂದ ಮೇಲೆ, ಮಗಳನ್ನು ಇಂದು ಒಬ್ಬಳನ್ನೇ ಬಿಡಬೇಡಿ, ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಕರೆತನ್ನಿ ಎಂದು ಹೇಳಿ ಮುಂದಿನ ಬಸ್ಸು ಹತ್ತಿದಳು.

ಆ ವಾರ ಅವಳು ಲೆಕ್ಕ ಹಾಕಿದ್ದು ಒಂದೇ ವಿಷಯ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಕ್ಷಯಾ ಚಾಡಿ ಹೇಳುವವಳಲ್ಲ. ಫೋನಿನಲ್ಲಿ ಪ್ರಾಣ ಉಳಿಸಿದ ಹೆಸರೂ ತನಗೇ ಬರುತ್ತದೆ. ಡಾಕ್ಟರು ಆಗಲೇ "ಶಹಭಾಸ್ ಜಲಜಾ" ಎಂದಾಗಿತ್ತು. ಆ ಶಹಭಾಸ್ ಅವಳಿಗೆ ನುಂಗಲಾಗಲಿಲ್ಲ.

ಶುಕ್ರವಾರದ ಕೂಟದಲ್ಲಿ ಮೆರ್ಲಿನ್ ಬಾಯಿ ತೆರೆಯುವ ಮೊದಲೇ ಜಲಜಾಕ್ಷಿ ಹೇಳಿದಳು. "ಅಕ್ಷಯಾ ಗುಂಪು ಬಿಟ್ಟದ್ದು ನನ್ನಿಂದ. ಇದೆಲ್ಲ ಮಕ್ಕಳಾಟ ಅಂತ ನಾನೇ ಅವಳಿಗೆ ಹೇಳಿದೆ. ಹೋದ ವಾರ ನೀನು ಕೇಳಿದಾಗ ಸುಳ್ಳು ಹೇಳಿದೆ."

"ಯಾಕೆ?" ಎಂದಳು ಮೆರ್ಲಿನ್.

"ಹೊಟ್ಟೆಕಿಚ್ಚು. ಎರಡೂ ನಮೂನೆಯದ್ದು."

ಕೃಷ್ಣಕುಮಾರ ಅಂತಃಕರಣದ ಮನುಷ್ಯ. "ಆದದ್ದು ಆಯ್ತು, ಟೀಚರೇ ಒಪ್ಪಿಕೊಂಡ್ರಲ್ಲ, ಇನ್ನು ಬಿಡುವ" ಎಂದ.

"ಬಿಡ್ಲಿಕ್ಕೆ ಆಗುವುದಿಲ್ಲ," ಎಂದಳು ಮೆರ್ಲಿನ್. "ನನ್ನ ಮೇಲೆ ಸಿಟ್ಟಿದ್ರೆ ನನಗೆ ಬೈಬೇಕಿತ್ತು ಜಲಜಕ್ಕ. ನಾಲ್ಕು ಜನರೆದುರು ಬೈದಿದ್ರೂ ನಾನು ಕೇಳ್ತಿದ್ದೆ. ಆ ಹುಡುಗಿ ಮುಳುಗುವಾಗ ಹಿಡ್ಕೊಳ್ಳಿಕ್ಕೆ ಇದ್ದ ಹಗ್ಗ ಅದು. ನೀವು ತುಂಡು ಮಾಡಿದ್ರಿ. ನಾನು ಹದಿನೈದು ದಿನ ನಿದ್ದೆ ಬಿಟ್ಟೆ, ನನ್ನದೇ ತಪ್ಪು ಅಂತ." ಅವಳು ಎದ್ದು ಹೊರಗೆ ಹೋದಳು.

ಡಾಕ್ಟರ್ ಗ್ರೆಗರಿ ಕನ್ನಡಕ ತೆಗೆದು ಒರೆಸಿದರು. "ಅಕ್ಷಯಾಳಿಗೆ ನೀನೇ ಹೇಳ್ಬೇಕು ಜಲಜಾ. ನಾವು ಯಾರೂ ಹೇಳುವುದಿಲ್ಲ."

ಗುರುವಾರ ಹೇಳಿದಳು. ಕತೆ ಸೇರಿಸದೆ, ಗಾದೆ ಸೇರಿಸದೆ. "ನೀನು ಬೇರೆಯವರ ಹತ್ರ ನಗುವುದು ನನಗೆ ಸಹಿಸ್ಲಿಕ್ಕೆ ಆಗ್ಲಿಲ್ಲ. ಅದಕ್ಕೆ ಮೆರ್ಲಿನ್ ಕೊಟ್ಟದ್ದನ್ನು ಮಕ್ಕಳಾಟ ಅಂದೆ. ಅದು ಮಕ್ಕಳಾಟ ಅಲ್ಲ. ನನ್ನಿಂದ ತಪ್ಪಾಯ್ತು."

ಅಕ್ಷಯಾ ತಲೆ ಎತ್ತಿದಳು. "ನಿಮಗೂ ಹಾಗೆಲ್ಲ ಆಗ್ತದಾ?"

"ಆಗ್ತದೆ."

"ನನಗೆ ಸಿಟ್ಟು ಬರ್ತಾ ಉಂಟು ಟೀಚರ್."

"ಬರ್ಲೇಬೇಕು."

"ಇಲ್ಲಿ ಕೂತ್ರೆ ಜೋರಾಗ್ತದೆ. ನಾನು ಹೋಗ್ತೇನೆ." ಅವಳು ಬಾಗಿಲು ಬಡಿಯದೆ, ಮೆಲ್ಲಗೆ ಮುಚ್ಚಿಕೊಂಡು ಹೋದಳು. ಮುಂದಿನ ಬುಧವಾರ ಗುಂಪಿಗೆ ಬಂದಳು. ಗುಂಪು ಮುಗಿದ ಮೇಲೆ ಡಾಕ್ಟರ ಕೋಣೆಗೆ ಹೋಗಿ, ಇನ್ನು ಮುಂದೆ ಗುರುವಾರದ ಮಾತುಕತೆಯೂ ತನಗೆ ಮೆರ್ಲಿನ್ ಟೀಚರ ಹತ್ತಿರವೇ ಆಗಬೇಕು ಎಂದು ಕೇಳಿಕೊಂಡಳು.

ಜಲಜಾಕ್ಷಿ ಮೂರು ವರ್ಷದ ಕಡತವನ್ನು ತಾನೇ ಒಯ್ದು ಮೆರ್ಲಿನ್‌ಳ ಮೇಜಿನ ಮೇಲಿಟ್ಟಳು. ಯಾವುದನ್ನು ಎಳೆದುಕೊಂಡು ಹೋಗುತ್ತಾಳೆ ಎಂದು ಹೆದರಿದ್ದಳೋ ಅದನ್ನು ತನ್ನ ಕೈಯಾರೆ ತಂದುಕೊಟ್ಟ ಹಾಗಾಗಿತ್ತು. ಮೆರ್ಲಿನ್ ಕತ್ತೆತ್ತಲಿಲ್ಲ. ಇಬ್ಬರ ನಡುವೆ ಆಗ ಕೆಲಸದ ಮಾತು ಬಿಟ್ಟರೆ ಬೇರೆ ಇರಲಿಲ್ಲ.

ನಾಲ್ಕು ದಿನದ ಮೇಲೆ ಮೆರ್ಲಿನ್ ಅದೇ ಕಡತ ಹಿಡಿದುಕೊಂಡು ಅವಳ ಕೋಣೆಗೆ ಬಂದಳು. ಕೂರಲಿಲ್ಲ. "ಪೂರ್ತಿ ಓದಿದೆ. ಎರಡು ಸಲ ಇವಳನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದದ್ದು ನೀವು. ಈ ಮೂರು ವರ್ಷ ಅವಳು ಬದುಕಿದ್ದು ನಿಮ್ಮಿಂದ, ಅದು ನಿಜ. ನೀವು ಮೊನ್ನೆ ಮಾಡಿದ್ದೂ ನಿಜ. ನನಗಿನ್ನೂ ಸಿಟ್ಟು ಇಳಿದಿಲ್ಲ ಜಲಜಕ್ಕ."

"ಇಳಿಯುವವರೆಗೆ ಇರ್ಲಿ," ಎಂದಳು ಜಲಜಾಕ್ಷಿ. ಆಮೇಲೆ ಎರಡು ದಿನದಿಂದ ಬಾಯಲ್ಲೇ ತಿರುಗಿಸುತ್ತಿದ್ದದ್ದನ್ನು ಹೊರಗೆ ಹಾಕಿದಳು. "ಬುಧವಾರದ ಗುಂಪಿಗೆ ನಿನ್ನ ಜೊತೆ ಒಬ್ಬರು ಬೇಕಲ್ಲ? ನಾನು ಬರ್ತೇನೆ. ಬೋರ್ಡು ನಿನ್ನದೇ. ಯಾರಾದ್ರೂ ಅಳ್ತಾ ಎದ್ದು ಹೋದ್ರೆ ನಾನು ಹಿಂದೆ ಹೋಗ್ತೇನೆ. ಅಕ್ಷಯಾಳಿಗೆ ತೊಂದರೆ ಇಲ್ಲ ಅಂತಾದ್ರೆ ಮಾತ್ರ."

ಅಕ್ಷಯಾ ಒಂದು ವಾರ ಯೋಚಿಸಿ, ಆಗಬಹುದು ಎಂದಳು.

ಮೊದಲ ಬುಧವಾರಗಳು ಶಿಕ್ಷೆಯ ಹಾಗಿದ್ದವು. ಅಕ್ಷಯಾ ಪ್ರಶ್ನೆ ಕೇಳುವುದು ಮೆರ್ಲಿನ್‌ಳಿಗೆ, ದಿನದಿನದ ಭಾವನೆ ಬರೆದಿಟ್ಟ ತನ್ನ ಕಾರ್ಡು ತೋರಿಸುವುದು ಮೆರ್ಲಿನ್‌ಳಿಗೆ. ಜಲಜಾಕ್ಷಿ ಕಾಗದ ಹಂಚುವಾಗ ಅವಳ ಕೈ ಆ ಹುಡುಗಿಯ ಮುಂದೆ ಒಂದು ಕ್ಷಣ ತಡೆಯುತ್ತಿತ್ತು. ಆದರೆ ಬಾಗಿಲ ಸಂದಿನಿಂದ ಕಾಣದ ಒಂದಿಷ್ಟು ಒಳಗೆ ಕೂತಾಗ ಕಂಡಿತು. ಯಾರೂ ಉತ್ತರ ಕೊಡದಾಗ ಮೆರ್ಲಿನ್‌ಳ ಕುತ್ತಿಗೆ ಬೆವರುತ್ತಿತ್ತು. ಕನ್ನಡದ ಮಾತಿಗೆ ತಡಕಾಡಿದಾಗ ಅವಳ ಕಣ್ಣು ತಾನಾಗಿ ಜಲಜಾಕ್ಷಿಯ ಕಡೆ ಬರುತ್ತಿತ್ತು. ಜಲಜಾಕ್ಷಿ ಪದ ಎತ್ತಿಕೊಡುತ್ತಿದ್ದಳು. ಎತ್ತಿಕೊಟ್ಟು ಸುಮ್ಮನಾಗುವುದು ಅವಳಿಗೆ ಎಲ್ಲಕ್ಕಿಂತ ಕಷ್ಟದ ಪಾಠವಾಯಿತು. ಮಳೆಗಾಲ ಮುಗಿದು ಚಳಿ ಬರುವ ಹೊತ್ತಿಗೆ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುವಷ್ಟಾಗಿತ್ತು.

೨೦೧೮ರ ಏಪ್ರಿಲಿನಲ್ಲಿ ಆ ಗುಂಪಿನ ಸುತ್ತು ಮುಗಿಯಿತು. ಅಕ್ಷಯಾ ಕೈಗೆ ಗಾಯ ಮಾಡಿಕೊಳ್ಳದೆ ಐದು ತಿಂಗಳಾಗಿತ್ತು. ಕೊನೆಯ ದಿನ ಒಬ್ಬೊಬ್ಬರೂ ಎರಡು ಮಾತಾಡಿದರು. ಅಕ್ಷಯಾ ಮೆರ್ಲಿನ್ ಟೀಚರಿಗೆ ಥ್ಯಾಂಕ್ಸ್ ಹೇಳಿದಳು, ಗುಂಪಿನವರಿಗೆ ಹೇಳಿದಳು, ಅಮ್ಮನಿಗೂ ಹೇಳಿದಳು. ಜಲಜಾಕ್ಷಿಯ ಹೆಸರು ಬರಲಿಲ್ಲ. ಜಲಜಾಕ್ಷಿ ಎಲ್ಲರ ಜೊತೆ ಚಪ್ಪಾಳೆ ತಟ್ಟಿ, ಚಹಾ ಮಾಡುತ್ತೇನೆಂದು ಅಡುಗೆಕೋಣೆಗೆ ಹೋದಳು.

ಹಾಲು ಉಕ್ಕುವ ಹೊತ್ತಿಗೆ ಬಾಗಿಲಲ್ಲಿ ಅಕ್ಷಯಾ ನಿಂತಿದ್ದಳು. "ಟೀಚರ್, ಒಂದು ವಿಷಯ ಉಂಟು."

"ಎಂತ?"

"ಸರಕಾರಿ ಕೆಲಸದ ಪಿಎಸ್‌ಸಿ ಲಿಸ್ಟ್ ಬಂತು. ಕನ್ನಡ ಪ್ರೈಮರಿ ಸ್ಕೂಲ್ ಟೀಚರ್ ಕೆಲಸದ್ದು. ಬೆಳಿಗ್ಗೆ ನಮ್ಮ ಅಕ್ಷಯ ಕೇಂದ್ರದ ಕಂಪ್ಯೂಟರಿನಲ್ಲಿ ನಾನೇ ನೋಡಿದೆ. ನನ್ನ ಹೆಸರು ಉಂಟು. ಹತ್ತೊಂಬತ್ತನೇದು. ಅಮ್ಮನಿಗೂ ಹೇಳಿಲ್ಲ ಇನ್ನೂ. ಮೆರ್ಲಿನ್ ಟೀಚರಿಗೂ ಹೇಳಿಲ್ಲ. ನೀವು ಕನ್ನಡ ಶಾಲೆಯಲ್ಲಿ ಇದ್ದವರಲ್ವಾ, ನಿಮಗೇ ಮೊದಲು ಹೇಳ್ಬೇಕು ಅನಿಸ್ತು."

ಜಲಜಾಕ್ಷಿಗೆ ಮೊದಲು ಕೇಳಿಸಿದ್ದು ಮೆರ್ಲಿನ್‌ಳಿಗೆ ಹೇಳಿಲ್ಲ ಎಂಬುದೇ. ಎದೆಯೊಳಗೆ ಏನೋ ಜಿಗಿದೆದ್ದು ನಿಂತಿತು. ಬಾಗಿಲು ಮುಂದೆ ಮಾಡಿ, ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಈ ಸುದ್ದಿಯನ್ನು ಇಬ್ಬರೇ ಅರ್ಧ ಗಂಟೆ ಇಟ್ಟುಕೊಳ್ಳಬಹುದಿತ್ತು. ಕೂರು ಎಂದು ಹೇಳುವುದೂ ಬೇಕಿರಲಿಲ್ಲ, ಅಕ್ಷಯಾ ಕೂರುವುದಕ್ಕೇ ಬಂದಿದ್ದಳು.

ಅವಳು ಒಲೆ ಆರಿಸಿ ಹುಡುಗಿಯ ಕೆನ್ನೆಯನ್ನು ಎರಡೂ ಕೈಯಿಂದ ಹಿಡಿದಳು. "ಹತ್ತೊಂಬತ್ತು ಅಂದ್ರೆ ಖಂಡಿತ ಸಿಗ್ತದೆ ಮಗಾ. ಮಕ್ಕಳು ಪುಣ್ಯ ಮಾಡಿದ್ದಾರೆ." ಆಮೇಲೆ ಕೈ ಬಿಟ್ಟಳು. "ಹೋಗು. ಮೆರ್ಲಿನ್ ಅಲ್ಲೇ ಇದ್ದಾಳೆ. ಅವಳಿಗೂ ಹೇಳು."

"ಚಹಾ ಕುಡಿದು ಹೇಳ್ತೇನೆ ಟೀಚರ್."

"ಚಹಾ ನಾನು ಅಲ್ಲಿಗೇ ತರ್ತೇನೆ. ಈಗಲೇ ಹೋಗು."

ಅಕ್ಷಯಾ ಓಡಿದಳು. ಸ್ವಲ್ಪ ಹೊತ್ತಿನಲ್ಲಿ ಹಾಲಿನಿಂದ ಮೆರ್ಲಿನ್‌ಳ ಕೂಗು, ಅದರ ಹಿಂದೆಯೇ ಆ ಹುಡುಗಿಯ ದೊಡ್ಡ ನಗು ಕೇಳಿಸಿತು. ಜಲಜಾಕ್ಷಿಗೆ ಒಂದಿಷ್ಟು ನೋವಾಯಿತು. ಅವಳು ಲೋಟಗಳಿಗೆ ಚಹಾ ಸೋಸಿ, ತಟ್ಟೆಯಲ್ಲಿ ಜೋಡಿಸಿಕೊಂಡು, ತಣ್ಣಗಾಗುವ ಮೊದಲೇ ಹೊರಟಳು.